ಮಾತು ಕೇಳುವ ನಾಯಿ

ರಾಯದುರ್ಗದ ಗಂಗಾಧರಪ್ಪನವರ ಮನೆಗೆ ನಾಯಿ ಬಂದದ್ದು ಅವರ ಹೆಂಡತಿ ಅನ್ನದಾನಮ್ಮನವರಿಗೆ ಇಷ್ಟವಿರಲಿಲ್ಲ. ಸೊಸೆ ಬಂದದ್ದೂ ಅಷ್ಟೇನೂ ಇಷ್ಟವಿರಲಿಲ್ಲ ಅನ್ನುವುದು ಬೇರೆ ಮಾತು. ಮಗ ರವಿಶಂಕರ ಅನಂತಪುರದಲ್ಲಿ ಓದುವಾಗ ಮಡಕಶಿರಾ ಕಡೆಯ ಶೃತಿಯನ್ನು ಮೆಚ್ಚಿ, ಜಾತಿ ಬೇರೆಯಾದರೂ ಬಿಡದೆ ಮದುವೆಯಾಗಿದ್ದ. ಮದುವೆಯಾಗಿ ನಾಲ್ಕು ವರ್ಷ ಕಳೆದಿತ್ತು. ಶೃತಿ ಸಾರು ಇಳಿಸಿದಾಗಲೆಲ್ಲ “ನಿಮ್ಮ ಕಡೆ ಹಿಂಗ ಮಾಡ್ತಾರೇನು?” ಎಂದು ಅತ್ತೆ ಕೇಳುವುದು ಮಾತ್ರ ಇನ್ನೂ ನಿಂತಿರಲಿಲ್ಲ.

ನಾಯಿಯ ಹೆಸರು ಕೆಂಚ. ಶೃತಿಯ ತಂದೆ ಚಿಕ್ಕತಿಮ್ಮಯ್ಯ ರೊಳ್ಳದ ಹತ್ತಿರ ಕಡಲೆಕಾಯಿ ಬೆಳೆಯುತ್ತಿದ್ದವರು. ಹೊಲಕ್ಕೆ ಕಾಡುಹಂದಿ ನುಗ್ಗದಂತೆ ಕಾಯಲು ಅವರ ಹತ್ತಿರ ಯಾವಾಗಲೂ ಒಂದು ನಾಯಿ ಇರುತ್ತಿತ್ತು. ಒಂದು ಹೋದರೆ ಇನ್ನೊಂದು, ಕೊನೆಯದು ಕೆಂಚ. ಅವರು ತೀರಿಕೊಂಡ ಮೇಲೆ ಮಗ ಗೋವರ್ಧನ್ ಹೊಲಕ್ಕೆಲ್ಲ ಹಿಪ್ಪುನೇರಳೆ ಹಾಕಿ ರೇಷ್ಮೆ ಹುಳು ಸಾಕತೊಡಗಿದ. ನಾಯಿಗೆ ಕೆಲಸವಿಲ್ಲದಾಯಿತು. ತಂದೆಯ ವರ್ಷದ ತಿಥಿಗೆ ಹೋಗಿದ್ದ ಶೃತಿ ಅದನ್ನು ಗೊತ್ತಿದ್ದವರ ಟೆಂಪೋಗೆ ಹತ್ತಿಸಿಕೊಂಡು ಬಂದಳು.

“ಅಪ್ಪನ ನಾಯಿ ಅತ್ತೆ. ಸ್ವಲ್ಪ ದಿವ್ಸ ಇರ್ಲಿ,” ಎಂದಳು.

“ಇರ್ಲಿ ಬಿಡವ್ವಾ. ನಮ್ಮನಿ ಮೊದ್ಲ ಛತ್ರ ಆಗೇತಿ,” ಎಂದರು ಅನ್ನದಾನಮ್ಮ.

ಆ ಛತ್ರದಲ್ಲಿ ಕೆಂಚನ ಗೆಳೆತನ ಮೊದಲು ಮಾಡಿದವರು ಗಂಗಾಧರಪ್ಪ. ಬಜಾರಿನ ಬಟ್ಟೆ ಅಂಗಡಿ ಮುಚ್ಚಿದ ಮೇಲೆ ಅವರಿಗೆ ಸಕ್ಕರೆ ಕಾಯಿಲೆ ಬಿಟ್ಟರೆ ಬೇರೆ ಕಸುಬಿರಲಿಲ್ಲ. ದಿನಾ ನಡೆಯಿರಿ ಎಂದು ಡಾಕ್ಟರು ಹೇಳಿ ಹೇಳಿ ಸೋತಿದ್ದರು. ನಾಯಿ ಬಂದ ಮೇಲೆ ಯಾರೂ ಹೇಳಬೇಕಾಗಲಿಲ್ಲ. ಬೆಳಿಗ್ಗೆ ಹಗ್ಗ ಕೈಗೆತ್ತಿಕೊಂಡರೆ ಗುಡ್ಡದ ಬುಡದವರೆಗೂ ಹೋಗಿ ಬರುವರು. ಮನೆಯೊಳಗೆ ಕೆಂಚ ಇದೆಯೋ ಇಲ್ಲವೋ ಗೊತ್ತಾಗುತ್ತಿರಲಿಲ್ಲ. ರೊಟ್ಟಿ ಹಾಕಿದರೆ ತಿನ್ನುತ್ತಿತ್ತು, ಹಿತ್ತಲಲ್ಲಿ ಮಲಗುತ್ತಿತ್ತು.

ಒಂದು ಬೆಳಿಗ್ಗೆ ಗೆಳೆಯ ಗೋಪಣ್ಣನ ಜೊತೆ ಹೋಗುತ್ತಿದ್ದಾಗ ಎದುರಿಗೆ ಬೀದಿನಾಯಿಗಳು ಬಂದವು. ಗೋಪಣ್ಣ ಹೆದರಿ, “ಹಿಡಿ, ಹಿಡಿ, ಗಟ್ಟಿ ಹಿಡಿ ಮಾರಾಯಾ!” ಎಂದು ಕೂಗಿದ. ಗಂಗಾಧರಪ್ಪ ಹಗ್ಗವನ್ನು ಗಟ್ಟಿಯಾಗಿ ಹಿಡಿದರು. ಕೆಂಚ ಹಾರಿದ ರಭಸಕ್ಕೆ ಹಗ್ಗದ ಜೊತೆ ಅವರೂ ಹೋಗಿ ಕಲ್ಲಿನ ಮೇಲೆ ಬಿದ್ದು ಎಡ ಮುಂಗೈ ಮುರಿದುಕೊಂಡರು.

ಅವತ್ತು ಊಟಕ್ಕೆ ಕೂತಾಗ ಅನ್ನದಾನಮ್ಮ ಗಂಡನ ತಟ್ಟೆಯಲ್ಲಿ ರೊಟ್ಟಿ ಮುರಿದು ಹಾಕುತ್ತ ಸೊಸೆಗೆ ಹೇಳಿದರು, “ನಾಳೆ ನಿಮ್ಮಣ್ಣಗ ಫೋನ್ ಮಾಡು. ಬಂದು ಒಯ್ಯಲಿ.”

“ಅಣ್ಣಂಗೆ ಈಗ ಹೊಸ ಹುಳ ತರೋ ಹೊತ್ತು ಅತ್ತೆ. ಅವು ಬೆಳೆದು ಗೂಡು ಕಟ್ಟಿ, ಗೂಡು ಮಾರೋಗಂಟ, ಎರಡು ತಿಂಗ್ಳು ಬರಕ್ಕಾಗಲ್ಲ.”

“ಗೂಡು ಮಾರೋದ್ರಾಗ ಇದು ನಮ್ಮೆಲ್ಲಾರ ಕೈಕಾಲು ಮುರದು ಮುಗಿಸಿರ್ತತಿ.”

“ನನ್ನ ಕೈ ಮುರದಿದ್ದು ಕಲ್ಲು, ನಾಯಲ್ಲ,” ಎಂದರು ಗಂಗಾಧರಪ್ಪ.

“ನೀವು ಸುಮ್ನ ಉಣ್ರಿ.”

ಶೃತಿಯ ಕೈ ತಟ್ಟೆಯಲ್ಲೇ ನಿಂತಿತ್ತು. ಅಣ್ಣ ಮೊದಲೇ ಹೇಳಿಬಿಟ್ಟಿದ್ದ, ನಾಯಿ ವಾಪಸ್ ಬಂದರೆ ತನ್ನ ಹತ್ತಿರ ಇಟ್ಟುಕೊಳ್ಳುವುದಿಲ್ಲ, ಅಗಳಿ ಕಡೆಯ ಹಳ್ಳಿಗಳಲ್ಲಿ ಯಾರು ಕೇಳಿದರೆ ಅವರಿಗೆ ಕೊಟ್ಟುಬಿಡುತ್ತೇನೆ ಎಂದು. ಅವಳ ಮುಖ ನೋಡಿ ರವಿಶಂಕರ ಬಾಯಿಬಿಟ್ಟ, “ಅವ್ವಾ, ಕಲಿಸಿದ್ರ ಕಲೀತತಿ. ಗೂಡು ಮಾರೋತನಕ ಟೈಮ್ ಕೊಡು. ಕಲೀಲಿಲ್ಲಂದ್ರ ನಾನ ಕಳಸ್ತೀನಿ.”

ಮನೆಯ ಮುಂಭಾಗದಲ್ಲಿ ರವಿಶಂಕರನ ಜೀನ್ಸ್ ಹೊಲಿಯುವ ಘಟಕವಿತ್ತು. ಮಾಲು ಹಾಕಲು ಬಳ್ಳಾರಿಗೆ ಹೋದಾಗ ಅವನು ಅಲ್ಲಿ ನಾಯಿ ಮಾರುವ ಸುನೀಲ್ ಎಂಬಾತನನ್ನು ಹುಡುಕಿ ಕೇಳಿದ. ಸುನೀಲ್ ಕಬ್ಬಿಣದ ಒಂದು ಕೊರಳಪಟ್ಟಿ ತೆಗೆದುಕೊಟ್ಟ. ಅದರ ಒಳಮುಖಕ್ಕೆ ಸುತ್ತಲೂ ಹಲ್ಲುಗಳಿದ್ದವು. ಹಗ್ಗ ಎಳೆದರೆ ಹಲ್ಲೆಲ್ಲ ಕುತ್ತಿಗೆಗೆ ಒತ್ತುತ್ತಿದ್ದವು.

“ಬಾಯಿಮಾತು ನಾಯಿಗೆ ತಿಳಿಯಂಗಿಲ್ರಿ. ಕುತ್ತಿಗಿಗೆ ತಿಳೀಬೇಕು,” ಎಂದ ಸುನೀಲ್. “ಹಾರಿದ ಕೂಡ್ಲೆ ಒಮ್ಮೆ ಜೋರಾಗಿ ಜಗ್ಗಿ ಬಿಡ್ರಿ. ಮತ್ತ ಹಾರಿದ್ರ ಮತ್ತ ಜಗ್ಗರಿ. ಕೇಳಲಿಲ್ಲಂದ್ರ ಕೆಡವಿ ಮಗ್ಗಲಾಗಿ ಒತ್ತರಿ. ತಾನಾಗಿ ಕುತ್ತಿಗಿ ಚಾಚೋತನಕ ಬಿಡಬ್ಯಾಡ್ರಿ. ಚಾಚ್ತು ಅಂದ್ರ ಕಲ್ತೈತಿ ಅಂತ ತಿಳೀರಿ.”

ಮರುದಿನದಿಂದಲೇ ಮನೆಯ ಮುಂದಿನ ಬೀದಿಯಲ್ಲಿ ಪಾಠ ಶುರುವಾಯಿತು. ರವಿಶಂಕರ ಹಗ್ಗ ಹಿಡಿದು ನಡೆಯುವನು. ಅನ್ನದಾನಮ್ಮ ಕಟ್ಟೆಯ ಮೇಲೆ ಕೂತು ಸೊಪ್ಪು ಬಿಡಿಸುತ್ತ ಕಾವಲು ಕಾಯುವರು. ಎದುರು ಮನೆಯ ತೆಲುಗು ಮಾತಿನ ಕದರಮ್ಮನ ನಾಯಿ ತಲೆ ಹೊರಗೆ ಹಾಕಿದರೆ ಸಾಕು, “ಬಂತು ನೋಡೋ, ಬಂತು! ಹಿಡಿ, ಹಿಡಿಯೋ!” ಎಂದು ಕೂಗುವರು. ಕೆಂಚ ಹಾರುವುದು. ರವಿಶಂಕರ ಜಗ್ಗುವನು. ಕೆಂಚ ಕಿರುಚಿ ಕೆಳಗೆ ಬಿದ್ದು ಕೆಮ್ಮುವುದು.

ಗಂಗಾಧರಪ್ಪ ಮುರಿದ ಕೈ ಕೊರಳಿಗೆ ಕಟ್ಟಿಕೊಂಡು ಒಳಗಿಂದ ಬಂದರು. “ಮುಂಜಾನೆದ್ದು ಈ ಸಂಕಟ ಕೇಳೋದಾಗವಲ್ದು. ಬಿಡೋ ಸಾಕು.”

“ಹಂಗಾರ ಕಳಿಸಿಬಿಡೋಣೇನಪ್ಪಾ?”

ಅವರು ಒಳಗೆ ಹೋಗಿ ಕಿಟಕಿ ಹಾಕಿಕೊಂಡರು. ಕಳಿಸುವುದಕ್ಕಿಂತ ಇದು ಮೇಲು ಎಂದು ಮನೆಮಂದಿ ಎಲ್ಲರೂ ತಮ್ಮ ತಮ್ಮ ಮನಸ್ಸಿಗೆ ಸಮಾಧಾನ ಹೇಳಿಕೊಂಡಿದ್ದರು. ನೋವು ತಿನ್ನುವವರು ಬೇರೆಯವರಾದಾಗ ಇಂಥ ಸಮಾಧಾನ ಬೇಗ ಸಿಗುತ್ತದೆ.

ವಿಚಿತ್ರವೆಂದರೆ, ಶೃತಿ ಒಬ್ಬಳೇ ಸಂಜೆ ಕೆರೆಯ ಕಡೆ ಕರೆದುಕೊಂಡು ಹೋದರೆ ಕೆಂಚ ಯಾವ ನಾಯಿ ಎದುರಾದರೂ ಮೂಸಿ ಸುಮ್ಮನಾಗುತ್ತಿತ್ತು. ಅದನ್ನು ಹೇಳಿದರೆ ಅನ್ನದಾನಮ್ಮನವರಿಗೆ ಇನ್ನೂ ಸಿಟ್ಟು.

“ನಿನಗ ಯಾಕ ಹಾರ್ತತಿ? ತವರಿನಕಿ ನೀನು. ನಾವು ಪರಮಂದಿ.”

“ಹಂಗಲ್ಲ ಅತ್ತೆ...”

“ಮತ್ತ ಹ್ಯಾಂಗ? ಒಂದು ದಿನರ ನೀನು ಜಗ್ಗೀಯೇನು? ಮುದ್ದು ಮಾಡೋದು ನೀನು, ಬಡಿಯೋ ಪಾಪ ನನ್ನ ಮಗಗ. ಚೊಲೊ ಐತಿ ನಿಮ್ಮ ಕಡೆ ನ್ಯಾಯ.”

‘ನಿಮ್ಮ ಕಡೆ’ ಎಂಬ ಆ ಎರಡು ಮಾತು ಶೃತಿಗೆ ನಾಟಿತು. ಮಾರನೆಯ ದಿನ ಅವಳೇ ಗಂಡನ ಕೈಯಿಂದ ಹಗ್ಗ ಇಸಿದುಕೊಂಡಳು. ಅತ್ತೆ ಕಟ್ಟೆಯ ಮೇಲಿದ್ದರು. ಕದರಮ್ಮನ ನಾಯಿ ಹೊರಗೆ ಬಂತು.

“ಹಿಡಿಯವ್ವಾ! ಗಟ್ಟಿ ಹಿಡಿ!”

ಕೆಂಚ ಹಾರಿತು. ಶೃತಿ ಎರಡೂ ಕೈಯಿಂದ ಜಗ್ಗಿದಳು. ರವಿಶಂಕರನೂ ಅಷ್ಟು ಬಲವಾಗಿ ಯಾವತ್ತೂ ಜಗ್ಗಿರಲಿಲ್ಲ. ಬಿದ್ದ ನಾಯಿಯ ಮೇಲೆ ಮೊಣಕಾಲು ಊರಿ, ಅದು ಕುತ್ತಿಗೆ ಚಾಚುವವರೆಗೂ ಒತ್ತಿದಳು. ಕೆಂಚ ಒದರಲಿಲ್ಲ, ಕಚ್ಚಲೂ ನೋಡಲಿಲ್ಲ. ಓರೆಗಣ್ಣಿನಿಂದ ಅವಳನ್ನೇ ನೋಡುತ್ತಿತ್ತು. ಅವಳು ಮುಖ ಬೇರೆ ಕಡೆ ತಿರುಗಿಸಿಕೊಂಡಳು.

“ಈಗ ನೋಡು, ನಮ್ಮನಿ ಸೊಸಿ ಆದಿ,” ಎಂದರು ಅನ್ನದಾನಮ್ಮ.

ಮಧ್ಯಾಹ್ನ ಅವಳ ರೊಟ್ಟಿಯ ಮೇಲೆ ಅತ್ತೆ ತಾವಾಗಿ ಬೆಣ್ಣೆ ಇಟ್ಟರು. ಮದುವೆಯಾದಾಗಿನಿಂದ ಅಂಥದ್ದು ನಡೆದಿರಲಿಲ್ಲ. ಶೃತಿ ತಿಂದಳು. ಇನ್ನೊಂದು ರೊಟ್ಟಿ ಬೇಕೇ ಎಂದಾಗ ಹೂಂ ಎಂದಳು. ಅದಕ್ಕಾಗಿ ಅವಳಿಗೆ ತನ್ನ ಮೇಲೆಯೇ ಅಸಹ್ಯವಾಯಿತು.

ಹೀಗೇ ಎರಡು ವಾರ ಕಳೆಯಿತು. ಕೆಂಚ ಒಂದು ದಿನ ಕಲಿತಂತೆ ಕಾಣುವುದು, ಇನ್ನೊಂದು ದಿನ ಮತ್ತೆ ಹಾರುವುದು. ಅಮಾವಾಸ್ಯೆಗೆ ಹೋಳಿಗೆ ಮಾಡುತ್ತಿದ್ದರು. ಬೇಳೆ ಬೆಂದ ದೊಡ್ಡ ಪಾತ್ರೆಯನ್ನು ಅನ್ನದಾನಮ್ಮ ಒಲೆಯಿಂದ ಎತ್ತಿದರು, ಭಾರಕ್ಕೆ ಪಾತ್ರೆ ವಾಲಿತು.

“ಶೃತೀ, ಹಿಡಿ, ಹಿಡಿ! ಲಗೂನ ಹಿಡಿ!”

ಶೃತಿ ಬಟ್ಟೆ ಸುತ್ತಿಕೊಂಡು ಪಾತ್ರೆ ಹಿಡಿದಳು. ಅಡುಗೆಮನೆಯ ಬಾಗಿಲಾಚೆ, ಹಿತ್ತಲಲ್ಲಿ ಮಲಗಿದ್ದ ಕೆಂಚ ಅಷ್ಟರಲ್ಲಿ ಎದ್ದು ನಿಂತಿತ್ತು. ಕಿವಿ ನೆಟ್ಟಗಾಗಿತ್ತು. ಅತ್ತ ಇತ್ತ ನೋಡಿತು. ಗೋಡೆಯ ಮೇಲೊಂದು ಬೆಕ್ಕು ಕೂತಿತ್ತು. ಅದರ ಕಡೆ ಒಂದು ನೆಗೆತ ನೆಗೆದದ್ದು ನಡುವೆಯೇ ನಿಂತುಬಿಟ್ಟಿತು. ಹಗ್ಗ ಯಾರೂ ಮುಟ್ಟಿರಲಿಲ್ಲ, ಹಲ್ಲಿನ ಪಟ್ಟಿ ಒಳಗೆ ಗೂಟಕ್ಕೆ ನೇತಾಡುತ್ತಿತ್ತು. ಕೆಂಚ ತಾನಾಗಿಯೇ ಮಗ್ಗುಲಾಗಿ ಬಿದ್ದು, ಕುತ್ತಿಗೆ ಚಾಚಿ, ಕಣ್ಣು ಮುಚ್ಚಿಕೊಂಡಿತು.

ಶೃತಿ ನೋಡುತ್ತಲೇ ನಿಂತಳು. ಬಟ್ಟೆ ಜಾರಿ ಬೆರಳು ಸುಡುತ್ತಿದ್ದುದು ತಿಳಿಯಲಿಲ್ಲ. ಹೊಲದ ಬದುವಿನ ಮೇಲೆ ನಿಂತು ಅಪ್ಪ ಕೂಗುತ್ತಿದ್ದುದು ಅವಳಿಗೆ ಕೇಳಿಸಿತು. “ಹಿಡಿ ಕೆಂಚಾ! ಹಿಡಿ!” ಕೆಂಚನಿಗೆ ಮೊದಲಿದ್ದ ನಾಯಿಗೂ ಹಾಗೇ ಅನ್ನುತ್ತಿದ್ದರು, ಅದಕ್ಕೂ ಮೊದಲಿನದಕ್ಕೂ. ಮರಿ ತಂದ ದಿನದಿಂದ ಅಪ್ಪ ಅದಕ್ಕೆ ಕಲಿಸುತ್ತಿದ್ದುದು ಅದೊಂದೇ ಮಾತು. ಹಂದಿಯ ಮೇಲೆ ಹೋಗು ಎಂಬ ಮಾತು.

“ಏನಾತ? ಯಾಕ ಹಂಗ ನಿಂತಿ?”

“ಏನಿಲ್ಲ ಅತ್ತೆ. ಬೆರಳು ಸುಡ್ತು.”

ಅವಳು ಹೇಳಲಿಲ್ಲ. ಹಬ್ಬದ ಅಡುಗೆಯ ನಡುವೆ ‘ಇಷ್ಟು ದಿನ ನಾಯಿಯನ್ನು ಹಾರಿಸಿದ್ದು ನೀವೇ’ ಎಂದು ಅತ್ತೆಗೆ ಹೇಳುವುದು ಹೇಗೆ? ‘ಆ ಹೊಲದಲ್ಲೇ ಬೆಳೆದ ನಿನಗೆ ಹೊಳೀಲಿಲ್ಲೇನು?’ ಎಂದು ಅವರು ತಿರುಗಿ ಕೇಳಿದರೆ ಏನು ಹೇಳುವುದು? ಅತ್ತೆ ಈಚೆಗೆ ನಾಲ್ಕು ದಿನ ಅವಳ ಜೊತೆ ನಗುತ್ತ ಮಾತಾಡಿದ್ದರು. ನಾಳೆ ಹೇಳಿದರಾಯಿತು ಎಂದುಕೊಂಡಳು.

ಮಾರನೆಯ ಬೆಳಿಗ್ಗೆ ನಲ್ಲಿ ನೀರು ಬಂತು. ಅವಳು ಕೊಡ ತುಂಬುತ್ತಿದ್ದಾಗಲೇ ಬೀದಿಯಿಂದ ಅತ್ತೆಯ ದನಿ ಬಂತು. “ಹಿಡಿಯೋ! ಹಿಡಿ!” ಅದರ ಹಿಂದೆಯೇ ಕೆಂಚನ ಕಿರುಚು. ಶೃತಿ ಕೊಡ ಬಿಟ್ಟು ಓಡಿದಳು. ರವಿಶಂಕರ ನಾಯಿಯ ಮೇಲೆ ಬಗ್ಗಿ ಪಟ್ಟಿ ಬಿಚ್ಚಲು ಒದ್ದಾಡುತ್ತಿದ್ದ. ಎರಡು ಹಲ್ಲು ಚರ್ಮದೊಳಗೆ ಇಳಿದಿದ್ದವು, ಕೂದಲೆಲ್ಲ ರಕ್ತವಾಗಿತ್ತು.

“ಇವತ್ತು ಭಾಳ ಜೋರಾಗಿ ಹಾರ್ತು ಅದು,” ಎಂದ ಅವನು ತನ್ನ ಕೈ ನೋಡಿಕೊಳ್ಳುತ್ತ.

“ಗಟ್ಟಿ ಹಿಡಿ ಅಂದ್ರ ನೀನು...”

“ಅತ್ತೆ, ಹಿಡಿ ಅನ್ಬೇಡ್ರಿ!” ಶೃತಿ ಕೂಗಿಬಿಟ್ಟಳು. ಆ ಮನೆಯಲ್ಲಿ ಅವಳು ದನಿಯೆತ್ತಿದ್ದು ಅದೇ ಮೊದಲು.

“ಮತ್ತೇನು, ಬಿಡು ಅನ್ಲೇನು?”

“ಅದು ನಿಮ್ಮ ಮಾತು ಕೇಳ್ತೈತೆ ಅತ್ತೆ! ಹಂದಿ ಬಂದ್ರೆ ನಮ್ಮಪ್ಪ ‘ಹಿಡಿ ಕೆಂಚ’ ಅಂತಿದ್ರು. ಹಿಡಿ ಅಂದ್ರೆ ಹೋಗಿ ಹಿಡೀಬೇಕು ಅಂತ್ಲೇ ಅದಕ್ಕೆ ಗೊತ್ತಿರೋದು. ಹಗ್ಗ ಹಿಡಿ ಅಂತ ನೀವು ಇವರಿಗೆ ಅಂತೀರ, ಅದು ತನಗೇ ಅಂದ್ರು ಅನ್ಕೊಳ್ಳುತ್ತೆ. ಕದರಮ್ಮ ಅದೇ ಮಾತನ್ನ ತೆಲುಗಲ್ಲಿ ‘ಪಟ್ಟುಕೋ, ಪಟ್ಟುಕೋ’ ಅಂತ ಬಡ್ಕೊಂತಾಳಲ್ಲ, ಆಗ ಒಂದಿನನಾದ್ರೂ ಹಾರೈತಾ?”

ರವಿಶಂಕರ ಪಟ್ಟಿಯನ್ನು ನೆಲಕ್ಕೆ ಹಾಕಿದ.

“ಯಾವಾಗ ತಿಳೀತು ನಿನಗ?” ಎಂದು ಹೆಂಡತಿಯನ್ನು ಕೇಳಿದ.

“ನಿನ್ನೆ.”

“ನಿನ್ನೆ ಯಾಕ ಹೇಳ್ಲಿಲ್ಲ?”

“ಹೇಳ್ಬೇಕಿತ್ತು,” ಎಂದಳು. ಅಳು ಬಂತು. “ನಿನ್ನೆ ಅಲ್ಲ, ಮೊದ್ಲೇ ಹೊಳೀಬೇಕಿತ್ತು ನಂಗೆ. ಆ ಮಾತು ಕೇಳ್ಕಂಡೇ ಬೆಳೆದೋಳು ನಾನು. ಮೊಣಕಾಲಾಗೆ ಒತ್ತಿದ್ನಲ್ಲ ಅದನ್ನ.”

ಬಾಗಿಲಲ್ಲಿ ನಿಂತಿದ್ದ ಗಂಗಾಧರಪ್ಪ ನಿಧಾನವಾಗಿ ಹೇಳಿದರು, “ಹಂಗಾರ ನಾವು ಹೇಳಿದ್ದ ಮಾಡೇತಿ ಅದು. ಮಾಡಿದ್ದಕ್ಕ ಬಡದೀವಿ.”

“ನನಗೇನು ಕನಸು ಬಿದ್ದಿತ್ತೇನು?” ಎಂದರು ಅನ್ನದಾನಮ್ಮ. “ಊರ ಮಂದಿಯೆಲ್ಲಾ ಹಂಗ ಅಂತಾರ. ಹಗ್ಗ ಇದ್ದೋರಿಗೆ ಹಿಡಿ ಅನ್ನದ ಮತ್ತೇನಂತಾರ?” ಎಂದು ಜೋರಾಗಿಯೇ ಅಂದು ಸೊಪ್ಪಿನ ಬುಟ್ಟಿ ಎತ್ತಿಕೊಂಡು ಒಳಗೆ ಹೋದರು. ಮಧ್ಯಾಹ್ನ ಎಲ್ಲರಿಗೂ ಬಡಿಸಿದರು, ತಾವು ಉಣ್ಣಲಿಲ್ಲ. ನಿನ್ನೆಯ ಹೋಳಿಗೆ ಮುಟ್ಟಿದವರಿಲ್ಲ.

ರವಿಶಂಕರ ಪಟ್ಟಿಯನ್ನು ಸುತ್ತಿಗೆಯಿಂದ ಬಡಿದು ಗುಜರಿಗೆ ಹಾಕಿದ. ಪಶು ಆಸ್ಪತ್ರೆಯಿಂದ ಮುಲಾಮು ತಂದರು. ಜೀನ್ಸ್ ಬಟ್ಟೆಯಲ್ಲಿ ಮೆತ್ತಗಿನ ಪಟ್ಟಿಯೊಂದನ್ನು ಅವನು ತಾನೇ ಮಶೀನಿಗೆ ಕೂತು ಹೊಲಿದ. ಮನೆಯಲ್ಲಿ ಯಾರೂ ಹೇಳದೆಯೇ ಆ ಒಂದು ಮಾತು ನಿಂತುಹೋಯಿತು. ಅನ್ನದಾನಮ್ಮ ಕಾಫಿ ಲೋಟ ಚಾಚಿ “ಹಿ...” ಎಂದು ನಾಲಿಗೆ ಕಚ್ಚಿಕೊಂಡು “ತಗೋ” ಅನ್ನುವರು. ಘಟಕದಲ್ಲಿ ಹೊಲಿಯುವ ಹೆಂಗಸರಿಗೆ ಇದು ನಗುವ ವಿಷಯವಾಯಿತು. ಮನೆಯವರು ಯಾರೂ ನಗಲಿಲ್ಲ.

ಒಂದು ಮಧ್ಯಾಹ್ನ ಹಿತ್ತಲಲ್ಲಿ ಅನ್ನದಾನಮ್ಮ ಬೆಣ್ಣೆ ಸವರಿದ ರೊಟ್ಟಿಯನ್ನು ಚೂರು ಮಾಡಿ ಕೆಂಚನ ಬಾಯಿಗಿಡುತ್ತಿದ್ದುದನ್ನು ಶೃತಿ ಕಂಡಳು. ಮಡಿ ಮಡಿ ಎಂದು ನಾಯಿಯಿಂದ ಮಾರು ದೂರ ಇರುತ್ತಿದ್ದವರು ಅವರು. “ತಪ್ಪಾತೋ ನಮ್ಮಪ್ಪಾ, ತಿನ್ನು,” ಅನ್ನುತ್ತಿದ್ದರು. ಶೃತಿ ಸದ್ದು ಮಾಡದೆ ಹಿಂದಕ್ಕೆ ಬಂದಳು.

ಗಾಯ ಮಾಯಿತು. ಕೆಂಚ ಮಾತ್ರ ಹಗ್ಗ ಕಂಡ ಕೂಡಲೇ ಮಲಗಿಬಿಡುತ್ತಿತ್ತು. ಗಂಗಾಧರಪ್ಪ ಕೈಕಟ್ಟು ಬಿಚ್ಚಿಸಿಕೊಂಡು ಬಂದವರು ದಿನಾ ಅದರ ಪಕ್ಕ ಕೂತು ಮಾತಾಡಿಸಿ, ಮೊದಲು ಹೊಸ್ತಿಲಿನವರೆಗೆ, ಆಮೇಲೆ ಬೀದಿಯವರೆಗೆ ಕರೆತಂದರು. ಒಂದು ಭಾನುವಾರ ರವಿಶಂಕರ, “ಅಪ್ಪಾ, ಇವತ್ತು ಗುಡ್ಡದ ತನಕ ನಾನು ಕರಕೊಂಡು ಹೋಗ್ತೀನಿ,” ಎಂದ. ತಾನು ಕೆಡಿಸಿದ್ದನ್ನು ತಾನೇ ಸರಿಮಾಡಬೇಕು ಎಂಬ ಆಸೆ ಅವನದು.

ಕೆಂಚ ತಲೆ ತಗ್ಗಿಸಿ ಅವನ ಕಾಲಿಗೆ ಅಂಟಿಕೊಂಡೇ ನಡೆಯಿತು. ಗುಡ್ಡದ ದಾರಿಯಲ್ಲಿ ಬೀದಿನಾಯಿಗಳು ಸುತ್ತುವರಿದವು. ಅಂಜುವ ನಾಯಿಯನ್ನು ಅವು ಬೇಗ ಗುರುತಿಸುತ್ತವೆ. ಒಂದು ಹಿಂದಿನಿಂದ ಬಂದು ಕೆಂಚನ ತೊಡೆಗೆ ಬಾಯಿ ಹಾಕಿತು. ರವಿಶಂಕರ ಹಗ್ಗ ಸಡಿಲ ಬಿಟ್ಟ. ಕೆಂಚ ತಿರುಗಿ ಬೀಳುತ್ತದೆ ಎಂದು ಕಾದ. ಬೀಳಲಿಲ್ಲ. ಇನ್ನೊಂದು ನಾಯಿಯೂ ನುಗ್ಗಿತು. ಅವನಿಗೆ ಬೇರೆ ಮಾತು ಹೊಳೆಯಲಿಲ್ಲ.

“ಹಿಡಿ ಕೆಂಚಾ!” ಎಂದು ಕಿರುಚಿದ. “ಹಿಡಿ! ಹಿಡಿಯೋ!”

ಕೆಂಚ ಅವನ ಮುಖ ನೋಡಿತು. ಹಿಂದಿನಿಂದ ಅವು ಎಳೆದಾಡುತ್ತಿದ್ದಂತೆಯೇ ಅವನ ಕಾಲ ಬಳಿ ಮಗ್ಗುಲಾಗಿ ಮಲಗಿತು. ಕುತ್ತಿಗೆ ಅವನ ಕಡೆಗೆ ಚಾಚಿ ಕಣ್ಣು ಮುಚ್ಚಿಕೊಂಡಿತು.

ಅವನು ಒದ್ದು, ಕಲ್ಲು ಬೀರಿ, ಹುಚ್ಚನಂತೆ ಕೂಗಾಡಿ ಆ ನಾಯಿಗಳನ್ನು ಓಡಿಸಿದ. ಕೆಂಚನನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಬಜಾರಿನ ನಡುವೆಯೇ ನಡೆದು ಬಂದ. “ಏನಾತ್ರಿ ರವಿ?” ಎಂದರು ಕೆಲವರು, “ಏಮೈಂದಿ?” ಎಂದು ತೆಲುಗಿನಲ್ಲಿ ಕೇಳಿದರು ಇನ್ನು ಕೆಲವರು.

ಪಡಸಾಲೆಯಲ್ಲಿ ಗೋಣಿಚೀಲ ಹಾಸಿ ಮಲಗಿಸಿದರು. ಶೃತಿ ಬಿಸಿನೀರು ತಂದು ತೊಡೆಯ ಗಾಯ ತೊಳೆಯತೊಡಗಿದಳು. ಗಂಗಾಧರಪ್ಪ ಅದರ ತಲೆಯ ಹತ್ತಿರ ಕೂತರು.

“ತಿರುಗಿ ಕಡೀಲಿಲ್ಲೇನೋ?” ಎಂದು ಕೇಳಿದರು.

“ಇಲ್ಲಪ್ಪಾ. ನಾನ ಹಿಡಿ ಅಂದೆ. ನನ್ನ ಮುಂದ ಕುತ್ತಿಗಿ ಚಾಚ್ತು.” “ಕಲ್ತೈತಪ್ಪಾ ಅದು. ಪೂರ್ತಿ ಕಲ್ತೈತಿ.”

ಆಗಲೇ ಶೃತಿಯ ಫೋನ್ ಬಡಿದುಕೊಂಡಿತು. ಅವಳ ಕೈಯೆಲ್ಲ ರಕ್ತ ಮತ್ತು ನೀರು. ಅನ್ನದಾನಮ್ಮ ತಾವೇ ಎತ್ತಿ ಕಿವಿಗಿಟ್ಟುಕೊಂಡು, “ನಾನು, ಶೃತಿ ಅತ್ತಿ,” ಎಂದರು. ಆಚೆ ಕಡೆ ಗೋವರ್ಧನ್. ಅವನ ದನಿ ಯಾವಾಗಲೂ ದೊಡ್ಡದು, ಪಡಸಾಲೆಗೆಲ್ಲ ಕೇಳಿಸುತ್ತಿತ್ತು.

“ಅಮ್ಮಾ, ಗೂಡು ಮಾರಿದ್ವಿ. ನಾಳೀಕೆ ಬಂದು ನಾಯಿ ಕರ್ಕೊಂಡು ಹೋಗ್ತೀನಿ. ಭಾಳ ಕಾಟ ಕೊಡ್ತಾ ನಿಮಗೆ?”

ಅನ್ನದಾನಮ್ಮ ಗೋಣಿಚೀಲದ ಕಡೆ ನೋಡಿದರು.

“ಬರಬ್ಯಾಡಪ್ಪಾ. ಇಲ್ಲೇ ಇರ್ಲಿ ಅದು.”

“ಅಲ್ಲಾ, ಸಿಕ್ಕಿದ್ದರ ಮ್ಯಾಲೆಲ್ಲ ಹಾರುತ್ತೆ ಅಂತಿದ್ಲು ಶೃತಿ?”

“ಇಲ್ಲ. ಈಗ ಯಾರ ಮ್ಯಾಲೂ ಹಾರಂಗಿಲ್ಲ.”

ಗೋವರ್ಧನ್ ಸಂತೋಷದಿಂದ ನಕ್ಕ. “ನಾನು ಹೇಳ್ಲಿಲ್ವಾ ಅಮ್ಮ? ಒಳ್ಳೆ ನಾಯಿ ಅದು. ನಮ್ಮಪ್ಪ ಅಂದಿದ್ದು ಒಂದು ಮಾತು ಮೀರ್ತಿರ್ಲಿಲ್ಲ.”

ಅನ್ನದಾನಮ್ಮ ಫೋನನ್ನು ಸೊಸೆಯ ಕಡೆ ಚಾಚಿದರು. ಶೃತಿ ತಲೆ ಅಲ್ಲಾಡಿಸಿದಳು. ಮಗನ ಕಡೆ ಚಾಚಿದರು. ಅವನು ಎದ್ದು ಹೊರಗೆ ಹೋದ.

“ಅಮ್ಮಾ? ಕೇಳಿಸ್ತಾ?”

“ಕೇಳಿಸ್ತಪ್ಪಾ,” ಎಂದರು ಅನ್ನದಾನಮ್ಮ. “ಎಲ್ಲಾ ಕೇಳಿಸ್ತು.”